ಮಿಲಿಟರಿ ನರ್ಸ್ ಆಗಬೇಕೆಂದ ಮಗಳಿಗೆ

ಪ್ರೀತಿಯ ಪುಟ್ಟಿ,

ಕೊನೆಯ ಸೆಮಿಸ್ಟರಿನ ಪ್ರಾಕ್ಟಿಕಲ್ ಮುಗಿಯಿತು, ಇನ್ನು ಮಿಲಿಟರಿ ನರ್ಸಿಂಗ್‌ಗೆ ಅರ್ಜಿ ಹಾಕುತ್ತೇನಮ್ಮ ಅಂತ ನೀನು ಹೇಳಿದಾಗ ಮನಸ್ಸು ತುಂಬಿ ಬಂತು. ಫೋನಿನಲ್ಲಿ ಹೇಳಿದ ಮಾತು ಅರ್ಧ ನೆನಪಿರುತ್ತದೆ, ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದವನ್ನು ನಿನ್ನ ಸರ್ಟಿಫಿಕೇಟ್ ಫೈಲಿನಲ್ಲೇ ಇಟ್ಟುಕೊ. ಒಂದೊಂದು ಕೆಲಸ ಆದ ಹಾಗೆ ಅದರ ಪಕ್ಕ ಗೀಟು ಹಾಕುತ್ತಾ ಹೋಗು.

ಮೊದಲು ಒಂದು ಲೆಕ್ಕ ನೋಡು. ಮಿಲಿಟರಿ ನರ್ಸಿಂಗ್ ಸರ್ವಿಸಿನ ಶಾರ್ಟ್ ಸರ್ವಿಸ್ ಕಮಿಷನ್‌ಗೆ (ಕೆಲವು ವರ್ಷಗಳ ಅವಧಿಯ ಅಧಿಕಾರಿ ಹುದ್ದೆ) 2023ರಲ್ಲಿ ಅರ್ಜಿ ಕರೆದಾಗ ಡಿಸೆಂಬರ್ 11ಕ್ಕೆ ಬಾಗಿಲು ತೆರೆಯಿತು, ಡಿಸೆಂಬರ್ 26ಕ್ಕೆ ಮುಚ್ಚಿತು. ಪರೀಕ್ಷೆ ನಡೆದದ್ದು 2024ರ ಜನವರಿ 14ಕ್ಕೆ. ಅರ್ಜಿ ತುಂಬಲು ಎರಡು ವಾರದ ಮೇಲೆ ಒಂದೆರಡು ದಿನ, ಓದಲು ಮೂರು ವಾರವೂ ಇಲ್ಲ. ಪ್ರತಿ ವರ್ಷ ಇದೇ ತಿಂಗಳು ಬರುತ್ತದೆ ಅಂತಲೂ ಕಾದು ಕೂರುವ ಹಾಗಿಲ್ಲ. ಅಧಿಸೂಚನೆ ಬಂದ ಮೇಲೆ ಶುರುಮಾಡೋಣ ಅಂದುಕೊಂಡವರು ಅಲ್ಲೇ ಹಿಂದೆ ಬೀಳುತ್ತಾರೆ. ಅವರಿಗೆ ಬುದ್ಧಿ ಕಡಿಮೆ ಅಂತಲ್ಲ, ಕಾಗದ ಕೈಗೆ ಬಂದಿರುವುದಿಲ್ಲ ಅಷ್ಟೆ. ಹಾಗಾಗಿ ನಿನ್ನ ನಿಜವಾದ ಕೆಲಸ ಇರುವುದು ಈಗ, ರಿಸಲ್ಟ್‌ಗೂ ಅಧಿಸೂಚನೆಗೂ ನಡುವಿನ ಈ ಖಾಲಿ ತಿಂಗಳುಗಳಲ್ಲಿ.

ಅರ್ಹತೆ ನಾಲ್ಕೇ ಮಾತು. ಇದು ಹೆಣ್ಣುಮಕ್ಕಳಿಗೆ ಮಾತ್ರ ಇರುವ ಸೇವೆ. ಬಿ.ಎಸ್ಸಿ. ನರ್ಸಿಂಗ್, ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಅಥವಾ ಎಂ.ಎಸ್ಸಿ. ನರ್ಸಿಂಗ್ ಪಾಸಾಗಿರಬೇಕು, ಭಾರತೀಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆಯ ಲೆಕ್ಕದಲ್ಲಿ. ವಯಸ್ಸು 21ರಿಂದ 35ರ ಒಳಗೆ. ಆ ಸಲ 1988ರ ಡಿಸೆಂಬರ್ 25ರಿಂದ 2002ರ ಡಿಸೆಂಬರ್ 26ರ ನಡುವೆ ಹುಟ್ಟಿದವರಿಗೆ ಅವಕಾಶವಿತ್ತು. ಬೇಗ ಶಾಲೆಗೆ ಸೇರಿದ ಮಕ್ಕಳು ಡಿಗ್ರಿ ಮುಗಿಸುವ ಹೊತ್ತಿಗೆ 21 ತುಂಬಿರುವುದಿಲ್ಲ, ಕೆಲವೇ ದಿನಗಳಲ್ಲಿ ತಪ್ಪಿಹೋಗುತ್ತದೆ. ನಿನಗೆ ಆ ತೊಂದರೆ ಇಲ್ಲ. ನಿನ್ನ ರೂಮ್‌ಮೇಟ್ ಜಿ.ಎನ್.ಎಂ. ಮುಗಿಸಿದ್ದಾಳೆ ಅಂದೆಯಲ್ಲ, ಅವಳಿಗೆ ಈಗಲೇ ಹೇಳಿಬಿಡು: ಮೂರು ವರ್ಷದ ಡಿಪ್ಲೊಮಾ ಒಂದೇ ಇದ್ದರೆ ಇದಕ್ಕೆ ಸಾಲದು, ಎರಡು ವರ್ಷದ ಪೋಸ್ಟ್ ಬೇಸಿಕ್ ಮುಗಿಸಿಕೊಂಡು ಬರಬೇಕು. ಅದು ಗೊತ್ತಿಲ್ಲದೆ ಕೋಚಿಂಗ್‌ಗೆ ದುಡ್ಡು ಕಟ್ಟಿದ ಮೇಲೆ ತಿಳಿದರೆ ಆ ಮಗುವಿಗೆ ಎಷ್ಟು ಸಂಕಟ.

ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು, ರಿಜಿಸ್ಟ್ರೇಷನ್. ಡಿಗ್ರಿ ಪಾಸಾದ ಮಾತ್ರಕ್ಕೆ ನೀನು ಕಾನೂನಿನ ಕಣ್ಣಿಗೆ ನರ್ಸ್ ಅಲ್ಲ. ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ಡ್ ನರ್ಸ್ ಅಂತಲೂ ರಿಜಿಸ್ಟರ್ಡ್ ಮಿಡ್‌ವೈಫ್ ಅಂತಲೂ ಹೆಸರು ಇರಬೇಕು. ಎರಡೂ ಬೇಕು, ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಅರ್ಜಿ ನಿಲ್ಲುವುದಿಲ್ಲ. ನಮ್ಮಲ್ಲಿ ಅದು ಬೆಂಗಳೂರಿನ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್. ಇದರ ಸರಪಳಿ ಹೀಗಿದೆ ನೋಡು: ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ರಿಸಲ್ಟ್ ಕೊಡಬೇಕು, ಮಾರ್ಕ್ಸ್ ಕಾರ್ಡುಗಳು ಕಾಲೇಜಿಗೆ ಬರಬೇಕು, ಪ್ರಾವಿಷನಲ್ ಸರ್ಟಿಫಿಕೇಟ್ ತೆಗೆಸಬೇಕು, ಕಾಲೇಜು ಕೋರ್ಸ್ ಕಂಪ್ಲೀಷನ್ ಕೊಡಬೇಕು, ಆಮೇಲೆ ಕೌನ್ಸಿಲ್‌ಗೆ ಅರ್ಜಿ. ಈ ಕೊಂಡಿಗಳಲ್ಲಿ ಯಾವುದು ತಡವಾದರೂ ಮುಂದಿನದೆಲ್ಲ ತಡ. ಅದರಲ್ಲೂ ತಡವಾಗುವುದು ಹೆಚ್ಚಾಗಿ ಕಾಲೇಜಿನ ಮೇಜಿನ ಮೇಲೆಯೇ. ಹಾಸ್ಟೆಲ್ ಬಾಕಿ, ಲೈಬ್ರರಿ ಪುಸ್ತಕ, ಲ್ಯಾಬಿನಲ್ಲಿ ಒಡೆದ ಸಾಮಾನಿನ ದಂಡ, ಇವೆಲ್ಲ ತೀರದೆ ನೋ ಡ್ಯೂಸ್ ಆಗುವುದಿಲ್ಲ, ನೋ ಡ್ಯೂಸ್ ಇಲ್ಲದೆ ಕಾಗದ ಕೈಗೆ ಬರುವುದಿಲ್ಲ. ಪ್ರಾಕ್ಟಿಕಲ್ ರೆಕಾರ್ಡು, ಹೆರಿಗೆ ಕೇಸ್ ಬುಕ್ಕುಗಳಿಗೆ ಮೇಡಂ ಸಹಿ ಬಾಕಿ ಇದ್ದರೆ ಈ ವಾರವೇ ಹಾಕಿಸಿಕೊ. ಎಲ್ಲರೂ ಊರಿಗೆ ಹೋದ ಮೇಲೆ ಒಂದು ಸಹಿಗೆ ಮೂರು ಸಲ ಓಡಾಡಬೇಕಾಗುತ್ತದೆ.

ರಿಜಿಸ್ಟ್ರೇಷನ್ ಕೈಗೆ ಬಂದ ದಿನವೇ ಸಂಭ್ರಮ ಪಕ್ಕಕ್ಕಿಟ್ಟು ಮೂರು ವಿಷಯ ಓದಿ ನೋಡು. ಹೆಸರಿನ ಅಕ್ಷರ, ಹುಟ್ಟಿದ ತಾರೀಖು, ಸಿಂಧುತ್ವದ ಕೊನೆಯ ದಿನ. ತಪ್ಪಿದ್ದರೆ ಆಗಲೇ ತಿದ್ದಿಸುವುದು ಸುಲಭ, ಅಧಿಸೂಚನೆ ಬಂದ ಮೇಲೆ ಕಷ್ಟ. ನೀನು ಓದಿದ್ದು ಇಲ್ಲಿಯೇ ಆದ್ದರಿಂದ ಇಷ್ಟೇ ಸಾಕು. ಬೇರೆ ರಾಜ್ಯದಲ್ಲಿ ಓದಿದವರು ಮೊದಲು ಆ ರಾಜ್ಯದಲ್ಲಿ ರಿಜಿಸ್ಟರ್ ಆಗಬೇಕು.

ಹೆಸರಿನ ವಿಚಾರಕ್ಕೆ ಬಂದೆ. ನಮ್ಮ ಕಡೆಯ ಮಕ್ಕಳಿಗೆ ಇದೇ ದೊಡ್ಡ ಕುಣಿಕೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಬರೀ ಎರಡು ಇನಿಷಿಯಲ್, ಆಧಾರ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರ ಹೆಸರು ಅಪ್ಪನ ಹೆಸರು, ವಿಶ್ವವಿದ್ಯಾಲಯದ ಕಾರ್ಡಿನಲ್ಲಿ ಇನಿಷಿಯಲ್ ಹಿಂದಕ್ಕೆ, ಬ್ಯಾಂಕಿನಲ್ಲಿ ಮತ್ತೊಂದು. ಉತ್ತರ ಭಾರತದಲ್ಲಿ ಕುಳಿತು ದಾಖಲೆ ನೋಡುವವರಿಗೆ ನಮ್ಮ ಇನಿಷಿಯಲ್ ಪದ್ಧತಿ ಅರ್ಥವಾಗುತ್ತದೆ ಅಂತ ನಂಬಿ ಕೂರಬೇಡ. ಅವರ ಕಣ್ಣಿಗೆ ಅದು ಇಬ್ಬರು ಬೇರೆ ಬೇರೆ ಹುಡುಗಿಯರ ಹೆಸರು. ಎಸ್ಸೆಸ್ಸೆಲ್ಸಿ ಕಾರ್ಡನ್ನೇ ತಾಯಿಬೇರು ಅಂತ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸು. ಹುಟ್ಟಿದ ತಾರೀಖಿಗೂ ಅದೇ ಆಧಾರ. ಆಧಾರ್ ತಿದ್ದಿಸುವುದು ಸುಲಭ, ಹತ್ತನೇ ಕ್ಲಾಸಿನ ಕಾರ್ಡು ತಿದ್ದಿಸುವುದು ವರ್ಷದ ಕೆಲಸ. ನೋಟರಿ ಅಫಿಡವಿಟ್ ಒಂದು ಇದ್ದರೆ ಒಳ್ಳೆಯದು, ಆದರೆ ಅದನ್ನೇ ನಂಬಬೇಡ. ಅಮ್ಮನ ಹೆಸರು, ಅಪ್ಪನ ಹೆಸರಿನ ಅಕ್ಷರಗಳೂ ಎಲ್ಲ ಕಡೆ ಒಂದೇ ಇರಲಿ. ನನ್ನ ಹೆಸರಿನ ಕೊನೆಯ ‘ಮ್ಮ’ ಒಂದು ಕಡೆ ಎರಡು ಎಂ, ಇನ್ನೊಂದು ಕಡೆ ಒಂದೇ ಎಂ ಬಂದಿರುತ್ತದೆ, ಅದನ್ನೂ ನೋಡು.

ಆನ್‌ಲೈನ್ ಅರ್ಜಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿನಗೇ ಚೆನ್ನಾಗಿ ಗೊತ್ತು. ಆ 2023ರ ಸಲ ಪರೀಕ್ಷೆ ನಡೆಸಿದ್ದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯಾದ ಎನ್‌ಟಿಎ, ಶುಲ್ಕ 900 ರೂಪಾಯಿ. ಸೈನ್ಯದ ಅಧಿಕೃತ ನೇಮಕಾತಿ ಜಾಲತಾಣ, ಎನ್‌ಟಿಎ ಜಾಲತಾಣ ಎರಡನ್ನೂ ವಾರಕ್ಕೊಮ್ಮೆ ನೋಡುವುದು ಅಭ್ಯಾಸವಾಗಲಿ. ಸೈಬರ್ ಸೆಂಟರಿನವರ ಮೇಲ್ ಐಡಿ, ಅವರ ಮೊಬೈಲ್ ನಂಬರ್ ಕೊಟ್ಟು ಅರ್ಜಿ ಹಾಕಬೇಡ. ಅಡ್ಮಿಟ್ ಕಾರ್ಡು, ಇಂಟರ್‌ವ್ಯೂ ಕರೆ ಎಲ್ಲವೂ ಅದಕ್ಕೇ ಬರುವುದು. ದುಡ್ಡು ಕಟ್ಟಿದ ಮೇಲೆ ಕನ್ಫರ್ಮೇಷನ್ ಪುಟ ಬಂತೋ ಇಲ್ಲವೋ ನೋಡಿ ಇಳಿಸಿಕೊ. ಖಾತೆಯಿಂದ ಹಣ ಹೋಗಿ ಆ ಪುಟ ಬಾರದಿದ್ದರೆ ಅರ್ಜಿ ಸೇರಿಲ್ಲ ಎಂದೇ ತಿಳಿ. ಕೊನೆಯ ದಿನದವರೆಗೆ ಕಾಯಬೇಡ ಅನ್ನುವುದು ಇದಕ್ಕೇ.

ಈಗ ಪರೀಕ್ಷೆ. ಕಂಪ್ಯೂಟರಿನಲ್ಲಿ, ಎರಡೂವರೆ ಗಂಟೆ, ನರ್ಸಿಂಗ್, ಇಂಗ್ಲಿಷ್, ಸಾಮಾನ್ಯ ಬುದ್ಧಿಮತ್ತೆ. ನೆಗೆಟಿವ್ ಮಾರ್ಕು ಇತ್ಯಾದಿ ಆ ವರ್ಷದ ಬುಲೆಟಿನ್‌ನಲ್ಲಿ ಏನಿದೆಯೋ ಅದೇ ಖರೆ, ಹಳೆಯ ವಿಡಿಯೋ ನೋಡಿ ತೀರ್ಮಾನಿಸಬೇಡ. ಇಂಗ್ಲಿಷ್, ಬುದ್ಧಿಮತ್ತೆ ದಿನಕ್ಕೆ ಅರ್ಧ ಗಂಟೆ ಸಾಕು. ನಿನ್ನ ಕೈ ಹಿಡಿಯುವುದು ನರ್ಸಿಂಗೇ. ಎಐಐಎಂಎಸ್‌ನ ನರ್ಸಿಂಗ್ ಆಫೀಸರ್ ನೇಮಕ ಪರೀಕ್ಷೆ ನಾರ್ಸೆಟ್‌ಗೆ ಓದುವುದೂ ಇದಕ್ಕೆ ಓದುವುದೂ ಬಹುಪಾಲು ಒಂದೇ ಪುಸ್ತಕ, ಎರಡನ್ನೂ ಒಟ್ಟಿಗೆ ಬರೆ.

ಓದುವ ರೀತಿಗೆ ಒಂದು ಉದಾಹರಣೆ ಹೇಳುತ್ತೇನೆ. ಸುಟ್ಟಗಾಯದ ಲೆಕ್ಕ. ಪಾರ್ಕ್‌ಲ್ಯಾಂಡ್ ಸೂತ್ರ, ಅಂದರೆ ಮೊದಲ 24 ಗಂಟೆಯಲ್ಲಿ ಎಷ್ಟು ಡ್ರಿಪ್ ಕೊಡಬೇಕೆಂಬ ಲೆಕ್ಕ, ಎಲ್ಲರಿಗೂ ಬಾಯಿಪಾಠ: 4 ಮಿ.ಲೀ., ಗುಣಿಸು ತೂಕ, ಗುಣಿಸು ಸುಟ್ಟ ಶೇಕಡಾ. 60 ಕೆ.ಜಿ. ತೂಕದ ಜವಾನ, ಎದೆ ಹೊಟ್ಟೆಯ ಮುಂಭಾಗ ಪೂರ್ತಿ, ಒಂದು ಕೈ ಪೂರ್ತಿ ಸುಟ್ಟಿದೆ ಅಂತಿಟ್ಟುಕೊ. ಮೈಯನ್ನು ಶೇ. ಒಂಬತ್ತರ ಪಾಲುಗಳಲ್ಲಿ ಎಣಿಸುವ ಒಂಬತ್ತರ ನಿಯಮದಂತೆ 18 ಮತ್ತು 9, ಒಟ್ಟು ಶೇ. 27. ಅಲ್ಲಿಗೆ 6,480 ಮಿ.ಲೀ. ರಿಂಗರ್ ಲ್ಯಾಕ್ಟೇಟ್. ಅದರಲ್ಲಿ ಅರ್ಧ, 3,240 ಮಿ.ಲೀ., ಮೊದಲ 8 ಗಂಟೆಯಲ್ಲಿ. ಇಲ್ಲಿಯವರೆಗೆ ಎಲ್ಲರೂ ಸರಿ. ತಪ್ಪುವುದು ಮುಂದಿನ ಸಾಲಿನಲ್ಲಿ. ಆ 8 ಗಂಟೆ ಶುರುವಾಗುವುದು ಅವನು ವಾರ್ಡಿಗೆ ಬಂದಾಗ ಅಲ್ಲ, ಸುಟ್ಟ ಹೊತ್ತಿನಿಂದ. ಎರಡು ಗಂಟೆ ದಾರಿಯಲ್ಲೇ ಕಳೆದಿದ್ದರೆ ಉಳಿದದ್ದು 6 ಗಂಟೆ, ಗಂಟೆಗೆ 540 ಮಿ.ಲೀ. ಮಿ.ಲೀ.ಗೆ 20 ಹನಿಯ ಡ್ರಿಪ್ ಸೆಟ್ಟಿನಲ್ಲಿ ನಿಮಿಷಕ್ಕೆ 180 ಹನಿ. ಈ ಸಂಖ್ಯೆ ನೋಡಿದ ಕೂಡಲೇ ನರ್ಸ್‌ಗೆ ಹೊಳೆಯಬೇಕು, ಇದು ಗಡಿಯಾರ ಹಿಡಿದು ಎಣಿಸುವ ವೇಗವಲ್ಲ. ಎರಡು ದಪ್ಪ ಕ್ಯಾನುಲಾ, ಎರಡು ಲೈನ್ ಬೇಕು, ಪಂಪ್ ಇದ್ದರೆ ಪಂಪ್. ಮೂತ್ರಕ್ಕೆ ಕ್ಯಾತಿಟರ್ ಹಾಕಿ ಗಂಟೆಗೆ 30 ಮಿ.ಲೀ. ಬರುತ್ತಿದೆಯೇ ನೋಡಬೇಕು, ಅಂದರೆ ಕೆ.ಜಿ.ಗೆ ಅರ್ಧ ಮಿ.ಲೀ. ಸೂತ್ರ ಹೇಳುವುದು ಎಲ್ಲಿಂದ ಶುರು ಮಾಡಬೇಕು ಅಂತ ಮಾತ್ರ, ಮುಂದೆ ಎಷ್ಟು ಬೇಕೆಂದು ಹೇಳುವುದು ಆ ಮೂತ್ರದ ಚೀಲ. ಬರೀ ಕೆಂಪಾದ ಚರ್ಮವನ್ನು ಶೇಕಡಾಕ್ಕೆ ಸೇರಿಸಬಾರದು ಅನ್ನುವುದೂ ಇದರೊಳಗೇ ಬರುವ ಪ್ರಶ್ನೆ. ಪ್ರತಿ ವಿಷಯವನ್ನೂ ಹೀಗೆ ಸೂತ್ರದಿಂದ ಮಂಚದವರೆಗೆ ಎಳೆದು ತಂದು ಓದು. ಆಗ ಪ್ರಶ್ನೆ ಯಾವ ಮಗ್ಗುಲಿನಿಂದ ಬಂದರೂ ಉತ್ತರ ಸಿಗುತ್ತದೆ.

ಮಿಲಿಟರಿ ಅಂದರೆ ಬರೀ ಗುಂಡೇಟು, ಸುಟ್ಟಗಾಯ ಅಂದುಕೊಂಡು ಹೆರಿಗೆ ಪಾಠ ಬಿಡುವ ಹುಡುಗಿಯರಿದ್ದಾರೆ. ಅದು ತಪ್ಪು. ಸೈನಿಕರ ಹೆಂಡತಿ ಮಕ್ಕಳು, ನಿವೃತ್ತರು, ಅವರ ಮನೆಯವರು ಎಲ್ಲರೂ ಬರುವುದು ಅದೇ ಆಸ್ಪತ್ರೆಗೆ. ಫ್ಯಾಮಿಲಿ ವಾರ್ಡು, ಲೇಬರ್ ರೂಮು, ಮಕ್ಕಳ ವಾರ್ಡು ಎಲ್ಲ ಇರುತ್ತದೆ. ಮಿಡ್‌ವೈಫ್ ರಿಜಿಸ್ಟ್ರೇಷನ್ ಕೇಳುವುದು ಸುಮ್ಮನೆ ಅಲ್ಲ. ಬಿ.ಪಿ. ಏರಿ ಗರ್ಭಿಣಿಗೆ ಫಿಟ್ಸ್ ಬರುವ ಎಕ್ಲಾಂಪ್ಸಿಯಾಗೆ ಮೆಗ್ನೀಷಿಯಂ ಸಲ್ಫೇಟ್ ಕೊಡುವ ಮುನ್ನ ನೋಡಬೇಕಾದ ಮೂರು, ಮೊಣಕಾಲಿನ ರಿಫ್ಲೆಕ್ಸ್, ನಿಮಿಷಕ್ಕೆ 16ಕ್ಕೆ ಕಡಿಮೆಯಿಲ್ಲದ ಉಸಿರು, ಗಂಟೆಗೆ 30 ಮಿ.ಲೀ. ಮೂತ್ರ, ಜೊತೆಗೆ ಅದು ಮಿತಿಮೀರಿದರೆ ಕೊಡಲು ಪಕ್ಕದಲ್ಲೇ ಕ್ಯಾಲ್ಸಿಯಂ ಗ್ಲುಕೋನೇಟ್, ಇವು ನಿದ್ದೆಯಲ್ಲಿ ಕೇಳಿದರೂ ಬರಬೇಕು.

ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಇಂಟರ್‌ವ್ಯೂ, ಮೆಡಿಕಲ್. ಗಂಡುಮಕ್ಕಳು ಹೇಳುವ ಐದು ದಿನದ ಅಧಿಕಾರಿ ಆಯ್ಕೆಯ ಎಸ್‌ಎಸ್‌ಬಿ ಇದಕ್ಕಿಲ್ಲ, ಹಗ್ಗ ಹತ್ತುವುದು, ಗೋಡೆ ಹಾರುವುದು ಯಾವುದೂ ಇಲ್ಲ. ಕೇಳುವವರು ಹಿರಿಯ ನರ್ಸಿಂಗ್ ಅಧಿಕಾರಿಗಳು. ವಾರ್ಡಿನಲ್ಲಿ ದಶಕಗಟ್ಟಲೆ ನಿಂತ ಹೆಂಗಸರು. ಅವರ ಮುಂದೆ ದೇಶಸೇವೆಯ ಭಾಷಣ ಒಪ್ಪಿಸಬೇಡ. ದೇಶದ ಮೇಲೆ ನಿನಗೆ ಪ್ರೀತಿ ಇದೆ, ಅದು ನನಗೆ ಗೊತ್ತು. ಆದರೆ ಅವರಿಗೆ ಬೇಕಾದ್ದು ರಾತ್ರಿ ಎರಡು ಗಂಟೆಗೆ ನೀನು ಏನು ಮಾಡುತ್ತೀಯ ಅನ್ನುವುದು. ರಕ್ತ ಏರಿಸುತ್ತಿರುವಾಗ ರೋಗಿಗೆ ಚಳಿ ನಡುಕ ಬಂತು, ಸೊಂಟ ನೋವು ಅಂದ, ಮೊದಲು ಏನು ಮಾಡುತ್ತೀಯ? ಡಾಕ್ಟರಿಗೆ ಹೇಳುತ್ತೇನೆ ಅಂದರೆ ಉತ್ತರ ಅಲ್ಲಿಗೇ ಕೆಟ್ಟಿತು. ಹೀಗೆ ಹೇಳು: ಮೊದಲು ರಕ್ತ ಏರಿಸುವುದನ್ನು ನಿಲ್ಲಿಸುತ್ತೇನೆ. ಸೂಜಿ ತೆಗೆಯುವುದಿಲ್ಲ, ಹೊಸ ಸೆಟ್ಟಿನಲ್ಲಿ ನಾರ್ಮಲ್ ಸಲೈನ್ ಹಾಕಿ ಲೈನ್ ಉಳಿಸಿಕೊಳ್ಳುತ್ತೇನೆ. ಹಳೆಯ ಸೆಟ್ಟಿನಲ್ಲೇ ಸಲೈನ್ ಬಿಟ್ಟರೆ ಟ್ಯೂಬಿನಲ್ಲಿ ಉಳಿದ ರಕ್ತವೂ ಒಳಗೆ ಹೋಗುತ್ತದೆ, ಹೊಸ ಸೆಟ್ಟು ಅದಕ್ಕೇ. ಆಮೇಲೆ ಮೆಡಿಕಲ್ ಆಫೀಸರಿಗೆ ತಿಳಿಸುತ್ತೇನೆ, ಚೀಲದ ಮೇಲಿನ ನಂಬರನ್ನೂ ರೋಗಿಯ ಗುರುತನ್ನೂ ಮತ್ತೆ ತಾಳೆ ನೋಡುತ್ತೇನೆ, ಉಳಿದ ರಕ್ತದ ಚೀಲ ಸೆಟ್ಟಿನ ಸಮೇತ ಬ್ಲಡ್ ಬ್ಯಾಂಕಿಗೆ, ಜೊತೆಗೆ ರಕ್ತ, ಮೂತ್ರದ ಮಾದರಿ, ಎಲ್ಲವೂ ಗಂಟೆ ನಿಮಿಷ ಸಮೇತ ಬರೆದಿಡುತ್ತೇನೆ. ಇದೇ ಕ್ರಮದಲ್ಲಿ, ಇಂಗ್ಲಿಷಿನಲ್ಲಿ, ತಡವರಿಸದೆ ಹೇಳುವುದನ್ನು ಅಭ್ಯಾಸ ಮಾಡು. ಕನ್ನಡ ಮೀಡಿಯಂನಲ್ಲಿ ಓದಿದೆ ಅಂತ ಹಿಂಜರಿಯಬೇಡ. ವ್ಯಾಕರಣ ಎಲ್ಲೋ ಒಂದು ಕಡೆ ತಪ್ಪಿದರೆ ಅವರು ಬಿಟ್ಟಾರು, ಕ್ರಮ ತಪ್ಪಿದರೆ ಬಿಡುವುದಿಲ್ಲ. ದಿನಾ ಡ್ಯೂಟಿ ಮುಗಿಸುವಾಗ ಮುಂದಿನ ಪಾಳಿಯವರಿಗೆ ರೋಗಿಗಳ ಹ್ಯಾಂಡೋವರನ್ನು ಇಂಗ್ಲಿಷಿನಲ್ಲೇ ಕೊಡು. ಒಂದು ರೋಗಿಗೆ ಎರಡು ನಿಮಿಷ, ಇದಕ್ಕಿಂತ ಒಳ್ಳೆಯ ತರಬೇತಿ ಯಾವ ಕೋಚಿಂಗ್‌ನಲ್ಲೂ ಸಿಗುವುದಿಲ್ಲ.

ಹಿಂದಿಯನ್ನೂ ಕಲಿ. ಪರೀಕ್ಷೆಗಲ್ಲ, ಮಂಚದ ಪಕ್ಕ ನಿಲ್ಲುವುದಕ್ಕೆ. ಗಢವಾಲದ ಹುಡುಗ, ನಾಗಾಲ್ಯಾಂಡಿನ ಹುಡುಗ, ತಮಿಳುನಾಡಿನ ಹುಡುಗ, ಎಲ್ಲರಿಗೂ ಸೈನ್ಯದಲ್ಲಿ ನಡುವಿನ ಭಾಷೆ ಅದು. ದರ್ದ್ ಕಹಾಂ ಹೈ, ಕಬ್ ಸೇ ಹೈ, ಸಾಂಸ್ ಲೇನೇ ಮೇಂ ತಕ್ಲೀಫ್ ಹೈ ಕ್ಯಾ, ಪೇಶಾಬ್ ಹುವಾ ಕ್ಯಾ. ಇಷ್ಟರಿಂದ ಶುರುಮಾಡು. ನೋವಿನಲ್ಲಿ ಇರುವವನಿಗೆ ತನ್ನ ಮಾತು ಎದುರಿಗಿರುವವಳಿಗೆ ತಿಳಿಯುತ್ತಿದೆ ಅನ್ನುವುದೇ ಅರ್ಧ ಔಷಧ.

ಸೇವೆಯ ಚರಿತ್ರೆಯನ್ನೂ ಕೇಳುತ್ತಾರೆ, ಆದರೆ ಅದಕ್ಕಾಗಿ ಮಾತ್ರವಲ್ಲ, ನೀನು ಯಾರ ಸಾಲಿನಲ್ಲಿ ನಿಲ್ಲಲಿದ್ದೀಯ ಅಂತ ತಿಳಿದುಕೊಳ್ಳುವುದಕ್ಕೂ ಓದು. 1888ರ ಮಾರ್ಚ್ 28ರಂದು ಹತ್ತು ಜನ ಬ್ರಿಟಿಷ್ ನರ್ಸುಗಳು ಬೊಂಬಾಯಿಯಲ್ಲಿ ಇಳಿದರು, ಇಲ್ಲಿನ ಮಿಲಿಟರಿ ಆಸ್ಪತ್ರೆಗಳಲ್ಲಿ ಶುಶ್ರೂಷೆಯನ್ನು ಒಂದು ಕ್ರಮಕ್ಕೆ ತರಲು. 1926ರ ಅಕ್ಟೋಬರ್ 1ರಂದು ಇಂಡಿಯನ್ ಮಿಲಿಟರಿ ನರ್ಸಿಂಗ್ ಸರ್ವಿಸ್ ಖಾಯಂ ಆಗಿ ಸ್ಥಾಪನೆಯಾಯಿತು, ಅದೇ ಇಂದಿಗೂ ಅವರ ಸ್ಥಾಪನಾ ದಿನ. 1943ರ ಸುಗ್ರೀವಾಜ್ಞೆಯಿಂದ ನರ್ಸುಗಳಿಗೆ ಕಮಿಷನ್ಡ್ ಅಧಿಕಾರಿಗಳ ದರ್ಜೆ ಬಂತು. 1976ರಲ್ಲಿ ಗರ್ಟ್ರೂಡ್ ಆಲಿಸ್ ರಾಮ್ ಮೇಜರ್ ಜನರಲ್ ಆದರು. ಭಾರತದ ಸೇನೆಯಲ್ಲಿ ಆ ದರ್ಜೆಗೆ ಏರಿದ ಮೊದಲ ಹೆಣ್ಣು ಒಬ್ಬ ನರ್ಸ್. ಇದನ್ನು ಬರೆಯುವಾಗ ನನಗೆ ಎದೆಯುಬ್ಬುತ್ತದೆ ಕಣೇ.

ಮೆಡಿಕಲ್‌ನಲ್ಲಿ ಬಿದ್ದುಹೋಗುವವರು ಹೆಚ್ಚಾಗಿ ದೊಡ್ಡ ಕಾಯಿಲೆಯಿಂದಲ್ಲ, ಮೊದಲೇ ನೋಡಿಕೊಂಡಿದ್ದರೆ ಸರಿಹೋಗುತ್ತಿದ್ದ ಸಣ್ಣ ಸಂಗತಿಗಳಿಂದ. ನಿನ್ನ ಹಿಮೋಗ್ಲೋಬಿನ್ ಯಾವಾಗಲೂ ಅಂಚಿನಲ್ಲೇ ಇರುತ್ತದೆ. ಕರೆ ಬಂದ ಮೇಲೆ ಒಂದು ವಾರದಲ್ಲಿ ಅದು ಏರುವುದಿಲ್ಲ. ಕಬ್ಬಿಣದ ಮಾತ್ರೆ ಶುರುಮಾಡಿದರೆ ಒಂದು ಗ್ರಾಂ ಏರಲು ಎರಡು ಮೂರು ವಾರ ಬೇಕು, ದೇಹದ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು. ಈಗಲೇ ಪರೀಕ್ಷೆ ಮಾಡಿಸಿ ಡಾಕ್ಟರ್ ಹೇಳಿದಂತೆ ತಗೊ. ಊಟವಾದ ತಕ್ಷಣ ಹಾಸ್ಟೆಲ್ ಕ್ಯಾಂಟೀನಿನ ಚಹಾ ಕುಡಿದು ಅದರ ಮೇಲೆ ಮಾತ್ರೆ ನುಂಗಿದರೆ ಚಹಾ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ನಿಂಬೆ ಶರಬತ್ತಿನ ಜೊತೆ ತಗೊ, ಹಾಲಿನ ಜೊತೆ ಬೇಡ.

ಹಲ್ಲಿಗೂ ಸೈನ್ಯದಲ್ಲಿ ಅಂಕ ಇದೆ, ಒಟ್ಟು 22ರಲ್ಲಿ ಕನಿಷ್ಠ 14 ಬೇಕು. ಹುಳುಕು ಹಲ್ಲು ತುಂಬಿಸಿಕೊ, ಕೀಳಿಸುವ ಆತುರ ಬೇಡ. ಕಿವಿಯ ಗುಗ್ಗೆ ತುಂಬಿದ್ದರೆ ತಮಟೆ ಕಾಣುವುದಿಲ್ಲ, ಅಷ್ಟಕ್ಕೇ ನಿಲ್ಲಿಸುತ್ತಾರೆ. ಪಿನ್ನು, ಬೆಂಕಿಕಡ್ಡಿ ಹಾಕಬೇಡ, ಹನಿ ಬಿಟ್ಟು ಕಿವಿ ಡಾಕ್ಟರ ಹತ್ತಿರ ತೆಗೆಸು. ಕನ್ನಡಕದ ನಂಬರ್ ಹೊಸದಾಗಿ ನೋಡಿಸು, ಬಣ್ಣ ಗುರುತಿಸುವ ಪರೀಕ್ಷೆಯನ್ನೂ ಜೊತೆಗೇ ಮಾಡಿಸು. ಎದೆಯ ಎಕ್ಸ್‌ರೇ, ಹೊಟ್ಟೆಯ ಅಲ್ಟ್ರಾಸೌಂಡ್ ಇರುತ್ತವೆ, ಮುಟ್ಟು ಏರುಪೇರಾಗುತ್ತಿದ್ದರೆ ನಾಚಿಕೆಪಡದೆ ಈಗಲೇ ತೋರಿಸಿಕೊ. ಥೈರಾಯ್ಡನ್ನೂ ನೋಡಿಸು. ತೂಕ ಎತ್ತರಕ್ಕೆ ತಕ್ಕಷ್ಟಿರಲಿ, ಕೊನೆಯ ವಾರ ಉಪವಾಸ ಮಾಡಿ ಇಳಿಸಿದರೆ ಬಿ.ಪಿ.ಯೂ ನಾಡಿಯೂ ನಿನ್ನ ಮೇಲೆ ಸಾಕ್ಷಿ ಹೇಳುತ್ತವೆ. ಒಮ್ಮೆ ಅನ್‌ಫಿಟ್ ಅಂದರೂ ಅಲ್ಲಿಗೇ ಮುಗಿಯಲಿಲ್ಲ, ಅಪೀಲ್ ಮೆಡಿಕಲ್ ಬೋರ್ಡಿಗೆ ಹೋಗಬಹುದು. ಕಾರಣವನ್ನು ಅವರು ಬರೆದ ಪದದಲ್ಲೇ ಬರೆದುಕೊಂಡು ಬಾ, ಅಪೀಲಿನ ಗಡುವನ್ನೂ ಅಲ್ಲೇ ಕೇಳು. ಅಳುತ್ತಾ ಹೊರಗೆ ಬಂದು ಎರಡನ್ನೂ ಮರೆಯುವುದೇ ಹೆಚ್ಚು.

ನಿಮ್ಮಪ್ಪ ಕೇಳುವುದು ಸಂಬಳ, ಖಾಯಮಾತಿ. ಲೆಫ್ಟಿನೆಂಟ್ ಆಗಿ ಸೇರುತ್ತೀಯ, ಭುಜದ ಮೇಲೆ ಎರಡು ನಕ್ಷತ್ರ. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಮೂಲ ವೇತನ 56,100ರಿಂದ ಶುರು, ನರ್ಸಿಂಗ್ ಅಧಿಕಾರಿಗಳ ಮಿಲಿಟರಿ ಸರ್ವಿಸ್ ಪೇ 10,800, ಅದರ ಮೇಲೆ ತುಟ್ಟಿಭತ್ಯೆ ಇತ್ಯಾದಿ. ಆದರೆ ಇದು ಶಾರ್ಟ್ ಸರ್ವಿಸ್ ಅನ್ನುವುದನ್ನು ಅವರಿಗೂ ಬಿಡಿಸಿ ಹೇಳು. ಮೊದಲು 5 ವರ್ಷ, ಆಮೇಲೆ ಯೋಗ್ಯತೆ ನೋಡಿ ವಿಸ್ತರಣೆ, ಒಟ್ಟು 14 ವರ್ಷದವರೆಗೆ. ಅಧಿಕಾರಿಗಳಿಗೆ ಪಿಂಚಣಿ ಬರಬೇಕಾದರೆ 20 ವರ್ಷದ ಸೇವೆ ಬೇಕು. ಪರ್ಮನೆಂಟ್ ಕಮಿಷನ್ ಎಲ್ಲರಿಗೂ ಸಿಗುವುದಿಲ್ಲ. ಅಂದರೆ ಮೂವತ್ತೈದರ ಆಸುಪಾಸಿನಲ್ಲಿ ಹೊರಗೆ ಬಂದು ಹೊಸ ಕೆಲಸ ಹುಡುಕುವ ದಿನ ಬರಬಹುದು. ಮೊದಲ ಸಂಬಳದಿಂದಲೇ ಉಳಿತಾಯ ಶುರುಮಾಡು. ಕ್ರಿಟಿಕಲ್ ಕೇರೋ ಆಪರೇಷನ್ ಥಿಯೇಟರೋ, ಒಂದರಲ್ಲಿ ಕೈ ಪಳಗಿಸಿಕೊ. ಹೊರಗೆ ಬಂದಾಗ ನಿನ್ನನ್ನು ಹಿಡಿದೆತ್ತುವುದು ಅದೇ.

ಅಜ್ಜಿಗೆ ಚಿಂತೆ, ಗಡಿಗೆ ಕಳಿಸುತ್ತಾರಾ ಅಂತ. ಎಲ್ಲಿಗೆ ಬೇಕಾದರೂ ಕಳಿಸುತ್ತಾರೆ, ಅದನ್ನು ಒಪ್ಪಿಕೊಂಡೇ ಸಹಿ ಹಾಕುವುದು. ಮೂರೂ ಸೇನೆಗಳ ಆಸ್ಪತ್ರೆಗಳಿಗೂ ಇದೇ ಸೇವೆಯ ನರ್ಸುಗಳು. ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆ ಇರಬಹುದು, ಕಾರವಾರದ ನೌಕಾಪಡೆ ಆಸ್ಪತ್ರೆ ಪತಂಜಲಿ ಇರಬಹುದು, ಲೇಹ್ ಇರಬಹುದು. ಲೇಹ್ ಸುಮಾರು 11,500 ಅಡಿ. ಅಲ್ಲಿಗೆ ವಿಮಾನದಲ್ಲಿ ಇಳಿದವರನ್ನು ಆರು ದಿನ ಹಂತ ಹಂತವಾಗಿ ಒಗ್ಗಿಸುತ್ತಾರೆ, ಮೊದಲ ಎರಡು ದಿನ ವಿಶ್ರಾಂತಿ, ಆಮೇಲೆ ನಿಧಾನಕ್ಕೆ ನಡಿಗೆ. ಗಟ್ಟಿಮುಟ್ಟಾದ ಹುಡುಗರೇ ಆ ಎರಡು ದಿನ ಸುಮ್ಮನಿರಲಾರದೆ ಓಡಾಡಿ ಶ್ವಾಸಕೋಶಕ್ಕೆ ನೀರು ತುಂಬಿಕೊಳ್ಳುತ್ತಾರೆ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು ಕಂಡರೆ ಆಮ್ಲಜನಕ ಕೊಡಬೇಕು, ಕೆಳಗಿಳಿಸಬೇಕು, ಬೆಳಗಾಗಲಿ ಅಂತ ಕಾಯಬಾರದು. ಆ ನಿಯಮ ನರ್ಸಿಗೂ ಅನ್ವಯ, ನೀನೂ ಆ ಆರು ದಿನ ಹೇಳಿದ ಹಾಗೆ ಕೇಳಬೇಕು.

ಮದುವೆ ಮಾತೂ ಬರುತ್ತದೆ. ಹಿಂದೆ ಮದುವೆಯಾದರೆ ಸೇವೆಯಿಂದ ತೆಗೆಯುವ ನಿಯಮವಿತ್ತು. 1988ರಲ್ಲಿ ಹಾಗೆ ಹೊರಹಾಕಿಸಿಕೊಂಡ ಒಬ್ಬ ಲೆಫ್ಟಿನೆಂಟ್ ದಶಕಗಳ ಕಾಲ ಹೋರಾಡಿದರು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದು ಲಿಂಗ ತಾರತಮ್ಯ, ಅಸಮಾನತೆ ಅಂತ ಹೇಳಿ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆ ನಿಯಮ 1995ರಲ್ಲೇ ಹೋಗಿದೆ. ಹಾಗಾಗಿ ಮದುವೆಯಾದರೆ ಕೆಲಸ ಹೋಗುತ್ತದೆ ಅಂತ ಯಾರಾದರೂ ನೆಂಟರು ಹೇಳಿದರೆ ನಾನೇ ಉತ್ತರ ಕೊಡುತ್ತೇನೆ.

ನಿನ್ನ ಅತ್ತೆ ಮಗಳು ಪಿಯುಸಿಯಲ್ಲಿದ್ದಾಳಲ್ಲ, ಅವಳಿಗೂ ಆಸೆ ಇದ್ದರೆ ದಾರಿ ಬೇರೆ. ಅವಳು ನೀಟ್ ಬರೆಯಬೇಕು. ಪುಣೆ, ಕೋಲ್ಕತ್ತಾ, ಮುಂಬೈ, ದೆಹಲಿ, ಲಕ್ನೋ, ಬೆಂಗಳೂರು, ಈ ಆರು ಕಡೆಯ ಸೇನಾ ನರ್ಸಿಂಗ್ ಕಾಲೇಜುಗಳಲ್ಲಿ ಒಟ್ಟು 220 ಸೀಟು, ಬೆಂಗಳೂರಿನಲ್ಲಿ 40. ನಾಲ್ಕು ವರ್ಷ ಸೈನ್ಯವೇ ಓದಿಸುತ್ತದೆ. ಇನ್ನು ನಿಮ್ಮ ಕಾಲೇಜಿನ ಹತ್ತಿರ ಯಾರೋ ಮಿಲಿಟರಿ ಕೋಟಾದಲ್ಲಿ ಹಾಕಿಸಿಕೊಡುತ್ತೇನೆ ಅಂತ ದುಡ್ಡು ಕೇಳಿದ ಅಂದೆ. ಅಂಥ ಕೋಟಾ ಯಾವುದೂ ಇಲ್ಲ. ಅವನ ಕೈಗೆ ಮೂಲ ಮಾರ್ಕ್ಸ್ ಕಾರ್ಡು ಕೊಟ್ಟವರು ಯಾರಾದರೂ ಇದ್ದರೆ ಇವತ್ತೇ ವಾಪಸ್ ತಗೊಳ್ಳಲು ಹೇಳು, ಕೊಡದಿದ್ದರೆ ಪೊಲೀಸ್ ಠಾಣೆಗೆ ಹೋಗಲಿ.

ಶನಿವಾರ ಊರಿಗೆ ಬರುವಾಗ ಎಲ್ಲ ಮೂಲ ಕಾಗದಗಳನ್ನೂ ತಾ, ಇಲ್ಲಿ ಕೂತು ಇಬ್ಬರೂ ಹೆಸರು ತಾಳೆ ನೋಡೋಣ. ದಾರಿಯಲ್ಲಿ ಯಾವ ಅಂಗಡಿಯಲ್ಲೂ ಲ್ಯಾಮಿನೇಷನ್ ಮಾಡಿಸಬೇಡ. ಪ್ಲಾಸ್ಟಿಕ್ ಹಾಕಿದ ಮೇಲೆ ಅದರ ಮೇಲೆ ಮುದ್ರೆ ಬೀಳುವುದಿಲ್ಲ, ಪರಿಶೀಲನೆಗೆ ಕಾಗದ ಮುಟ್ಟಿ ನೋಡಲು ಆಗುವುದಿಲ್ಲ, ಬಿಡಿಸಲು ಹೋದರೆ ಅಕ್ಷರವೇ ಕಿತ್ತುಬರುತ್ತದೆ. ಪಾರದರ್ಶಕ ಹಾಳೆಯ ಫೈಲು ನಾನು ತಂದಿಟ್ಟಿದ್ದೇನೆ.

ಇಂತಿ ನಿನ್ನ ಪ್ರೀತಿಯ
ಅಮ್ಮ